ಒಂಟಿ ಸೆಲ್ಲಿನ ಹತ್ತು ವರ್ಷ

2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಉಮೇಶ್ ರೆಡ್ಡಿಯ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಟಿವಿಯಲ್ಲಿ ಆ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಯಾರಿಗೂ ಸಮಾಧಾನ ಆಗಲಿಲ್ಲ. "ಇಷ್ಟು ವರ್ಷ ಕೂರಿಸಿ ಅನ್ನ ಹಾಕಿದ್ದೇ ಜಾಸ್ತಿ" ಎಂದು ಅಮ್ಮ ಎದ್ದು ಅಡುಗೆಮನೆಗೆ ಹೋದರು.

ತೊಂಬತ್ತರ ದಶಕವನ್ನು ಬೆಂಗಳೂರಿನಲ್ಲಿ ಕಳೆದವರಿಗೆ ಆ ಸಿಟ್ಟನ್ನು ವಿವರಿಸಿ ಹೇಳಬೇಕಿಲ್ಲ. 1998ರಲ್ಲಿ ಪೀಣ್ಯದ ಒಂದು ಮನೆಗೆ ನುಗ್ಗಿ ಒಬ್ಬ ಹೆಣ್ಣುಮಗಳನ್ನು ಅತ್ಯಾಚಾರ ಮಾಡಿ ಕೊಂದವನು ಅವನು. ಅದೊಂದೇ ಕೇಸೂ ಅಲ್ಲ. ಹಿಂದೆ ಪೊಲೀಸ್ ಕೆಲಸದಲ್ಲಿದ್ದ. ಒಮ್ಮೆ ಪೊಲೀಸರ ಕೈಯಿಂದಲೇ ತಪ್ಪಿಸಿಕೊಂಡಿದ್ದ. ಹೆಂಗಸರು ಒಬ್ಬರೇ ಇರುವ ಹೊತ್ತು ನೋಡಿ ವಿಳಾಸ ಕೇಳುವ, ನೀರು ಕೇಳುವ ನೆಪದಲ್ಲಿ ಬಾಗಿಲು ಬಡಿಯುತ್ತಾನೆ ಎಂದು ಪತ್ರಿಕೆಗಳಲ್ಲಿ ಬರುತ್ತಿತ್ತು. ನಮ್ಮ ಬೀದಿಯ ಎಷ್ಟೋ ಮನೆಗಳ ಬಾಗಿಲಿಗೆ ಕಬ್ಬಿಣದ ಚೈನು ಬಂದದ್ದು ಆಗಲೇ. ಹಗಲು ಹೊತ್ತು ಯಾರಾದರೂ ನೀರು ಕೇಳಿದರೆ ಕಿಟಕಿಯಿಂದ ಕೊಡುವ ಅಭ್ಯಾಸ ಅಮ್ಮನಿಗೆ ಇಂದಿಗೂ ಹೋಗಿಲ್ಲ.

ಅವನು ತಪ್ಪಿತಸ್ಥ ಅಲ್ಲ ಎಂದು ಕೋರ್ಟ್ ಹೇಳಲಿಲ್ಲ. ಪಾಪ ಎಂದೂ ಹೇಳಲಿಲ್ಲ. ಕನಿಷ್ಠ 30 ವರ್ಷ ಒಳಗಿರಬೇಕು, ಅದಾದ ಮೇಲಷ್ಟೇ ಬಿಡುಗಡೆಯ ಅರ್ಜಿಯ ಮಾತು ಎಂದಿತು. ಗಲ್ಲು ಇಳಿಸಿದ್ದಕ್ಕೆ ಕೊಟ್ಟ ಕಾರಣ ಬೇರೆಯೇ. ಸೆಷನ್ಸ್ ಕೋರ್ಟ್ 2006ರಲ್ಲಿ ಗಲ್ಲು ಶಿಕ್ಷೆ ಕೊಟ್ಟ ಕೆಲವೇ ದಿನಕ್ಕೆ ಅವನನ್ನು ಬೆಳಗಾವಿಯ ಹಿಂಡಲಗಾ ಜೈಲಿಗೆ ಕಳಿಸಿದರು. ಅಲ್ಲಿ ಒಂಟಿ ಸೆಲ್ಲಿನಲ್ಲಿ ಹಾಕಿದರು. 2016ರವರೆಗೆ ಅಲ್ಲೇ ಇಟ್ಟರು. ಸುಮಾರು ಹತ್ತು ವರ್ಷ. ಹಾಗೆ ಇಡಿ ಎಂದು ಯಾವ ನ್ಯಾಯಾಧೀಶರೂ ಬರೆದಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಕೊಲೆಗೆ ಏನು ಶಿಕ್ಷೆ ಎಂದು ನಾಲ್ಕು ಹಂತದಲ್ಲಿ ಚರ್ಚೆ ಆಗುತ್ತದೆ. ಅಪೀಲು, ಮರುಪರಿಶೀಲನೆ, ರಾಜ್ಯಪಾಲರು, ರಾಷ್ಟ್ರಪತಿಗಳು. ಹತ್ತು ವರ್ಷ ಒಬ್ಬನನ್ನೇ ಕೂಡಿ ಹಾಕುವುದಕ್ಕೆ ಮಾತ್ರ ಯಾರ ಸಹಿಯೂ ಬೇಕಾಗಲಿಲ್ಲ.

ಕಾನೂನಿನಲ್ಲಿ ಒಂಟಿ ಸೆರೆ ಇಲ್ಲವೇ ಎಂದರೆ, ಇದೆ. ಹಳೆಯ ಐಪಿಸಿಯ 73 ಮತ್ತು 74ನೇ ಸೆಕ್ಷನ್‌ಗಳಲ್ಲಿ ಇತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 11 ಮತ್ತು 12 ಆಗಿ ಕೂತಿದೆ. ವಸಾಹತು ಕಾಲದ್ದನ್ನೆಲ್ಲ ಕಿತ್ತು ಹಾಕುತ್ತೇವೆ ಎಂದವರು ಇದನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟುಕೊಂಡರು! ಆದರೆ ಬ್ರಿಟಿಷರು ಬರೆದ ಆ ಸೆಕ್ಷನ್‌ಗಳಲ್ಲೂ ಲೆಕ್ಕ ಬಿಗಿಯಾಗಿದೆ. ಅದನ್ನು ಕೋರ್ಟೇ ಹೇಳಬೇಕು. ಕಠಿಣ ಸಜೆ ಆಗಿದ್ದವರಿಗೆ ಮಾತ್ರ. ಶಿಕ್ಷೆ ಎಷ್ಟೇ ಉದ್ದ ಇರಲಿ, ಒಟ್ಟು ಮೂರು ತಿಂಗಳು ದಾಟುವ ಹಾಗಿಲ್ಲ. ಒಂದೇ ಸಲಕ್ಕೆ 14 ದಿನಕ್ಕಿಂತ ಹೆಚ್ಚಿಲ್ಲ, ಆಮೇಲೆ ಕನಿಷ್ಠ ಅಷ್ಟೇ ದಿನದ ಬಿಡುವು. ಶಿಕ್ಷೆ ಮೂರು ತಿಂಗಳಿಗಿಂತ ಜಾಸ್ತಿ ಇದ್ದರೆ ತಿಂಗಳಿಗೆ ಏಳೇ ದಿನ. 1860ರಲ್ಲಿ ಇದನ್ನು ಬರೆದವರಿಗೆ ಕೈದಿಗಳ ಮೇಲೆ ಮಮತೆ ಇತ್ತು ಎಂದು ನಾನು ಹೇಳಲಾರೆ. ಆದರೂ 14 ದಿನಕ್ಕೆ ಗೆರೆ ಎಳೆದರು.

ಹಾಗಾದರೆ ಹತ್ತು ವರ್ಷ ಹೇಗಾಯಿತು? ಜೈಲು ಇನ್ನೊಂದು ಬಾಗಿಲಿನಿಂದ ಬಂತು. 1894ರ ಬಂದೀಖಾನೆ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಮರಣದಂಡನೆಯ ಕೈದಿಯನ್ನು ಉಳಿದ ಕೈದಿಗಳಿಂದ ಬೇರೆ ಸೆಲ್ಲಿನಲ್ಲಿ ಇಡಬೇಕು, ಹಗಲು ರಾತ್ರಿ ಕಾವಲು ಹಾಕಬೇಕು. ಇದು ಶಿಕ್ಷೆ ಅಲ್ಲ, ಭದ್ರತೆ ಎಂಬುದು ಜೈಲಿನವರ ವಾದ. ಇದೇ ವಾದವನ್ನು 1978ರಲ್ಲೇ ಸುಪ್ರೀಂ ಕೋರ್ಟ್ ಕೇಳಿತ್ತು. ದೆಹಲಿಯ ತಿಹಾರ್‌ನಲ್ಲಿದ್ದ ಸುನಿಲ್ ಬಾತ್ರಾ ಎಂಬ ಮರಣದಂಡನೆಯ ಕೈದಿ ತನ್ನ ಒಂಟಿ ಸೆಲ್ಲಿನ ವಿರುದ್ಧ ಕೋರ್ಟಿಗೆ ಹೋಗಿದ್ದ. ನ್ಯಾಯಮೂರ್ತಿಗಳು ತಾವೇ ತಿಹಾರ್‌ಗೆ ಹೋಗಿ ನೋಡಿ ಬಂದರು. ವಿ.ಆರ್. ಕೃಷ್ಣಯ್ಯರ್ ಇದ್ದ ಆ ಪೀಠ ಎರಡು ಮಾತು ಸ್ಪಷ್ಟವಾಗಿ ಹೇಳಿತು. ಒಂದು, ಅಪೀಲು ಮತ್ತು ಕ್ಷಮಾದಾನದ ಅರ್ಜಿ ಎಲ್ಲ ಮುಗಿದು, ಇನ್ನು ಗಲ್ಲು ತಪ್ಪದು ಎಂದಾಗುವ ತನಕ ಯಾರೂ ಆ 30ನೇ ಸೆಕ್ಷನ್‌ನ ಕೈದಿ ಆಗುವುದಿಲ್ಲ. ಎರಡು, ಆದ ಮೇಲೂ ಬೇರೆ ಇಡುವುದೆಂದರೆ ಮನುಷ್ಯರ ಕಣ್ಣಿಗೆ, ಕಿವಿಗೆ ಸಿಗದ ಹಾಗೆ ಹೂತಿಡುವುದಲ್ಲ. ಉಳಿದವರನ್ನು ನೋಡುವಂತಿರಬೇಕು, ಅವರ ಮಾತು ಕೇಳುವಂತಿರಬೇಕು, ಅವರ ಜೊತೆ ಕೂತು ಊಟ ಮಾಡುವಂತಿರಬೇಕು.

ಆ ತೀರ್ಪು ಬಂದು 28 ವರ್ಷ ಆದ ಮೇಲೆ ಹಿಂಡಲಗಾದಲ್ಲಿ ಉಮೇಶ್ ರೆಡ್ಡಿಯ ಸೆಲ್ಲಿಗೆ ಬೀಗ ಬಿತ್ತು.

ಈ ವಿಷಯ ಮಾತಾಡುವಾಗ ನಮ್ಮೂರಿನವರಿಗೆ ಇನ್ನೊಂದು ಹೆಸರು ನೆನಪಾಗಬೇಕು. ಸ್ನೇಹಲತಾ ರೆಡ್ಡಿ. 'ಸಂಸ್ಕಾರ' ಚಿತ್ರದ ಚಂದ್ರಿ ಎಂದರೆ ಬೇಗ ಗೊತ್ತಾಗುತ್ತದೆ. ಶೇಷಾದ್ರಿ ರಸ್ತೆಯಲ್ಲಿ ಈಗ ಫ್ರೀಡಂ ಪಾರ್ಕ್ ಇದೆಯಲ್ಲ, ಅದು ಹಿಂದೆ ಸೆಂಟ್ರಲ್ ಜೈಲು. 1860ರ ದಶಕದಲ್ಲಿ ಕಟ್ಟಿದ್ದು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಪಾರ್ಕ್ ಆಯಿತು. ಈಗ ಬೆಂಗಳೂರಿನಲ್ಲಿ ಯಾರು ಧರಣಿ ಕೂರಬೇಕಿದ್ದರೂ ಅಲ್ಲೇ ಕೂರಬೇಕು. ಪಕ್ಕದಲ್ಲಿ ಮಲ್ಟಿಲೆವೆಲ್ ಪಾರ್ಕಿಂಗ್ ಬಂದಿದೆ. ಒಳಗೆ ಕಾವಲು ಗೋಪುರವನ್ನೂ ಕೆಲವು ಬ್ಯಾರಕ್‌ಗಳನ್ನೂ ಉಳಿಸಿಕೊಂಡಿದ್ದಾರೆ. ಕಾಲೇಜು ಹುಡುಗ ಹುಡುಗಿಯರು ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ತೆಗೆಸಿಕೊಳ್ಳಲಿ, ಜೈಲಿಗಿಂತ ಅದು ವಾಸಿ.

ತುರ್ತು ಪರಿಸ್ಥಿತಿಯಲ್ಲಿ ಈ ಜೈಲಿಗೆ ದೊಡ್ಡ ದೊಡ್ಡವರು ಬಂದಿದ್ದರು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರನ್ನು 1975ರ ಜೂನ್ 26ರಂದು ಇಲ್ಲೇ ಹಿಡಿದರು. ರಾಮಕೃಷ್ಣ ಹೆಗಡೆ, ದೇವೇಗೌಡರೂ ಇಲ್ಲಿದ್ದರು. ಇವರ ಜೈಲಿನ ನೆನಪುಗಳಲ್ಲಿ ಕಷ್ಟ ಇದೆ, ಬೇಸರ ಇದೆ, ಹಾಗೇ ಓದು, ಆಟ, ವಾದ, ನಗುವೂ ಇವೆ. ಹೊರಗೆ ಬಂದವರು ಸರ್ಕಾರ ನಡೆಸಿದರು. ಒಳಗೆ ಇದ್ದಷ್ಟು ದಿನ ಅವರಿಗೆ ಜೊತೆ ಇತ್ತು.

ಸ್ನೇಹಲತಾ ಅವರನ್ನು 1976ರ ಮೇ ತಿಂಗಳಲ್ಲಿ ಹಿಡಿದರು. ಜಾರ್ಜ್ ಫರ್ನಾಂಡಿಸ್ ಅವರ ಬರೋಡಾ ಡೈನಮೈಟ್ ಪ್ರಕರಣದ, ಅಂದರೆ ತುರ್ತು ಪರಿಸ್ಥಿತಿಯ ವಿರುದ್ಧ ಸ್ಫೋಟಕ್ಕೆ ಸಂಚು ಮಾಡಿದ ಕೇಸಿನ, ನಂಟು ಎಂದರು. ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ವಿಚಾರಣೆ ಇಲ್ಲದೆ ಬಂಧಿಸಿಡುವ ಮೀಸಾ ಕಾಯ್ದೆಯಡಿ ಎಂಟು ತಿಂಗಳು ಇಟ್ಟರು, ಒಂಟಿ ಸೆಲ್ಲಿನಲ್ಲಿ. ಅವರಿಗೆ ಮೊದಲೇ ತೀವ್ರ ಅಸ್ತಮಾ. ರಾತ್ರಿಯ ನಿಶ್ಶಬ್ದದಲ್ಲಿ ಅವರ ಸೆಲ್ಲಿನಿಂದ ಕೂಗು ಕೇಳುತ್ತಿತ್ತು ಎಂದು ಅದೇ ಜೈಲಿನಲ್ಲಿದ್ದ ದಂಡವತೆ ಆಮೇಲೆ ಬರೆದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ರಂದು ಅವರು ತೀರಿಕೊಂಡರು. ಸಾವಿಗೆ ಅಸ್ತಮಾ ಕಾರಣ, ಸರಿ. ಉಸಿರು ಕಟ್ಟುವ ಕಾಯಿಲೆಯವರನ್ನು ಕೂಗಿದರೆ ಓಡಿ ಬರುವವರಿಲ್ಲದ ಜಾಗದಲ್ಲಿ ಬೀಗ ಹಾಕಿ ಇಟ್ಟದ್ದಕ್ಕೆ ಏನು ಹೆಸರು ಕೊಡೋಣ?

ಒಂದೇ ಕಾಂಪೌಂಡು, ಒಂದೇ ಸರ್ಕಾರ, ಹೆಚ್ಚು ಕಡಿಮೆ ಒಂದೇ ಕಾಲ. ಬೇಲಿ, ಬೀಗ, ಊಟ ಎಲ್ಲ ಅದೇ. ಜೊತೆಗೆ ಮನುಷ್ಯರು ಇದ್ದರೋ ಇಲ್ಲವೋ ಎಂಬುದು ಸಣ್ಣ ವ್ಯತ್ಯಾಸದ ಹಾಗೆ ಕಾಣುತ್ತದೆ. ಅದು ಸಣ್ಣದಲ್ಲ ಎಂದು ವೈದ್ಯರು, ಮನಶ್ಶಾಸ್ತ್ರಜ್ಞರು ತುಂಬ ಹಿಂದಿನಿಂದ ಹೇಳುತ್ತಿದ್ದಾರೆ.

ಒಂಟಿ ಸೆರೆಯನ್ನು ದೊಡ್ಡ ಮಟ್ಟದಲ್ಲಿ ಶುರು ಮಾಡಿದವರು ಕ್ರೂರಿಗಳಲ್ಲ, ದೈವಭಕ್ತರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1829ರಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಜೈಲಿನ ಹಿಂದೆ ಕ್ವೇಕರ್ ಪಂಥದವರ ಯೋಚನೆ ಇತ್ತು. ಹೊಡೆಯುವುದು ಬೇಡ, ಒಬ್ಬನೇ ಕೂತು ಬೈಬಲ್ ಓದಲಿ, ಮಾಡಿದ ತಪ್ಪಿಗೆ ಪಶ್ಚಾತ್ತಾಪ ಪಡಲಿ ಎಂದು. ಸೆಲ್ಲಿನಿಂದ ಹೊರಗೆ ಕರೆದೊಯ್ಯುವಾಗಲೂ ತಲೆಗೆ ಮುಸುಕು ಹಾಕುತ್ತಿದ್ದರು, ಇನ್ನೊಬ್ಬ ಕೈದಿಯ ಮುಖ ಕಾಣಬಾರದಲ್ಲ. 1842ರಲ್ಲಿ ಅಲ್ಲಿಗೆ ಹೋದ ಚಾರ್ಲ್ಸ್ ಡಿಕನ್ಸ್ ಇದು ಮೈಗೆ ಕೊಡುವ ಯಾವ ಹಿಂಸೆಗಿಂತಲೂ ಕೆಟ್ಟದ್ದು ಎಂದು ಬರೆದ. 1890ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಒಂದು ತೀರ್ಪಿನಲ್ಲಿ, ಹೀಗೆ ಇಟ್ಟವರಲ್ಲಿ ಎಷ್ಟೋ ಜನ ಮಂಕಾಗಿ ಹೋದರು, ಕೆಲವರಿಗೆ ಹುಚ್ಚು ಹಿಡಿಯಿತು, ಇನ್ನು ಕೆಲವರು ಜೀವ ಕಳೆದುಕೊಂಡರು ಎಂದು ದಾಖಲಿಸಿತು. ಅಷ್ಟೆಲ್ಲ ಗೊತ್ತಿದ್ದೂ 1906ರ ಹೊತ್ತಿಗೆ ಬ್ರಿಟಿಷರು ಅಂಡಮಾನಿನಲ್ಲಿ ಸೆಲ್ಯುಲರ್ ಜೈಲು ಕಟ್ಟಿ ಮುಗಿಸಿದರು. ಏಳು ರೆಕ್ಕೆ, ಸುಮಾರು 690 ಸೆಲ್, ಒಂದು ರೆಕ್ಕೆಯ ಬಾಗಿಲು ಇನ್ನೊಂದು ರೆಕ್ಕೆಯ ಬೆನ್ನಿಗೆ ಮುಖ ಮಾಡುವ ಹಾಗೆ. ಗೊತ್ತಿಲ್ಲದೆ ಮಾಡಿದ್ದಲ್ಲ ಅದು.

ತಲೆಯೊಳಗೆ ಆಗುವುದೇನು? 1950ರ ದಶಕದಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಹೆಬ್ ಅವರ ತಂಡ ಒಂದು ಪ್ರಯೋಗ ಮಾಡಿತು. ವಿದ್ಯಾರ್ಥಿಗಳಿಗೆ ದಿನಕ್ಕೆ 20 ಡಾಲರ್. ಕೆಲಸ ಏನೂ ಇಲ್ಲ, ಸುಮ್ನೆ ಮಲಗಿರಬೇಕು. ಕಣ್ಣಿಗೆ ಮಸುಕು ಕನ್ನಡಕ, ಕೈಗೆ ಕವಚ, ಕಿವಿಗೆ ಒಂದೇ ಸಮನೆ ಮೊರೆತ. ಆ ಕಾಲಕ್ಕೆ ಅದು ಒಳ್ಳೆಯ ದುಡ್ಡು. ಆದರೂ ಹೆಚ್ಚಿನವರು ಕೆಲವೇ ದಿನಕ್ಕೆ ಎದ್ದು ಹೋದರು. ಇಲ್ಲದ್ದು ಕಾಣಿಸತೊಡಗಿತ್ತು. ಸುಲಭದ ಲೆಕ್ಕ ಬಿಡಿಸಲು ಆಗುತ್ತಿರಲಿಲ್ಲ. ಬೇಕೆಂದಾಗ ಬಿಟ್ಟು ಹೋಗಬಹುದಿದ್ದ, ಆರೋಗ್ಯವಂತ ಹುಡುಗರ ಕಥೆ ಇದು.

ಬಿಟ್ಟು ಹೋಗಲಾಗದವರ ಕಥೆಯನ್ನು ಮನೋವೈದ್ಯ ಸ್ಟುವರ್ಟ್ ಗ್ರಾಸಿಯನ್ 1980ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಕೈದಿಗಳಿಂದ ಕೇಳಿ ಬರೆದರು. ಸಣ್ಣ ಶಬ್ದವೂ ಸಹಿಸಲಾಗದು. ನಲ್ಲಿಯ ತೊಟ್ಟು, ದೂರದ ಹೆಜ್ಜೆ, ಎಲ್ಲವೂ ತಲೆಗೆ ಬಡಿಯುತ್ತದೆ. ಯಾರೋ ಪಿಸುಗುಡುತ್ತಿದ್ದಾರೆ ಅನಿಸುತ್ತದೆ. ಗೋಡೆ ಹತ್ತಿರ ಬರುತ್ತದೆ. ನಿನ್ನೆಯದು ಮರೆಯುತ್ತದೆ. ವಾರ್ಡರ್ ಮೇಲೆ ಸೇಡು ತೀರಿಸಿಕೊಳ್ಳುವ ಕೆಟ್ಟ ಕೆಟ್ಟ ಕನಸು ಹಗಲಲ್ಲೇ ಬರುತ್ತದೆ. ನಮಗೂ ದಿನಕ್ಕೆ ನೂರು ಸಂಶಯ ಬರುತ್ತವೆ. ಕುಕ್ಕರ್ ಎರಡು ಸೀಟಿ ಹೊಡೆಯಿತೋ ಮೂರೋ ಎಂದು ಮನೆಯಲ್ಲಿ ಇನ್ನೊಬ್ಬರನ್ನು ಕೇಳುತ್ತೇವೆ, ಅವರು ಹೇಳಿದ ಮೇಲೆ ಸುಮ್ಮನಾಗುತ್ತೇವೆ. ಸೆಲ್ಲಿನಲ್ಲಿ ಕೇಳುವುದಕ್ಕೆ ಆ ಇನ್ನೊಬ್ಬರಿಲ್ಲ. ಕೇಳಿಸಿದ್ದು ನಿಜವೋ ಭ್ರಮೆಯೋ ಎಂದು ಹೇಳುವವರಿಲ್ಲ. ಮೊದಮೊದಲು ಮನುಷ್ಯರಿಗಾಗಿ ಹಂಬಲಿಸಿದವರು ಆಮೇಲೆ ಮನುಷ್ಯರು ಬಂದರೆ ಹೆದರುತ್ತಾರೆ. ಬಿಡುಗಡೆಯಾದ ಎಷ್ಟೋ ಜನ ತಮ್ಮ ಮನೆಯಲ್ಲೇ ಒಂದು ಕೋಣೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳುತ್ತಾರೆ.

ಅಂಕಿಗಳೂ ಇದನ್ನೇ ಹೇಳುತ್ತವೆ. ನ್ಯೂಯಾರ್ಕ್ ನಗರದ ಜೈಲುಗಳ ಬಗ್ಗೆ 2014ರಲ್ಲಿ ಬಂದ ಅಧ್ಯಯನದಲ್ಲಿ ಒಂಟಿ ಸೆಲ್ ಕಂಡವರು ಶೇ 7ರಷ್ಟು ಮಾತ್ರ. ಆದರೆ ತಮ್ಮ ಮೈಗೆ ತಾವೇ ಗಾಯ ಮಾಡಿಕೊಂಡ ಪ್ರಕರಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವರವೇ. ನಾರ್ತ್ ಕ್ಯಾರೊಲಿನಾದಲ್ಲಿ ಬಿಡುಗಡೆಯಾದ ಎರಡು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದ 2019ರ ಅಧ್ಯಯನ ಇನ್ನೂ ಭಯ ಹುಟ್ಟಿಸುತ್ತದೆ. ಒಂಟಿ ಸೆಲ್ಲಿನಲ್ಲಿ ಇದ್ದು ಬಂದವರು ಹೊರಗೆ ಬಂದ ಮೊದಲ ವರ್ಷದಲ್ಲೇ ಸಾಯುವ ಸಂಭವ ಉಳಿದವರಿಗಿಂತ ಶೇ 24ರಷ್ಟು ಜಾಸ್ತಿ. ಆತ್ಮಹತ್ಯೆಯಿಂದ ಸಾಯುವ ಸಂಭವ ಶೇ 78ರಷ್ಟು ಜಾಸ್ತಿ.

ಲಾಕ್‌ಡೌನ್‌ನಲ್ಲಿ ನಾವೂ ಹೀಗೇ ಇದ್ದೆವಲ್ಲ ಎಂದು ನನ್ನ ಸ್ನೇಹಿತನೊಬ್ಬ ಹೇಳಿದ. ಕೋರಮಂಗಲದ ಪಿಜಿಯಲ್ಲಿ ಒಬ್ಬನೇ ಸಿಕ್ಕಿಬಿದ್ದಿದ್ದವನು, ಅವನ ಕಷ್ಟ ಸುಳ್ಳಲ್ಲ. ಆದರೆ ಫೋನು ಕೈಯಲ್ಲಿತ್ತು, ಬಾಗಿಲ ಚಿಲಕ ಒಳಗಡೆ ಇತ್ತು. ಅಷ್ಟು ಇದ್ದೂ ಅವನು ಮೂರನೇ ವಾರಕ್ಕೆ ಗೋಡೆಯ ಹಲ್ಲಿಗೆ ಹೆಸರಿಟ್ಟಿದ್ದ.

ಸರಿ, ಸ್ನೇಹಲತಾ ಅವರ ಕಥೆ ಕೇಳಿದರೆ ಯಾರಿಗಾದರೂ ಕರುಳು ಚುರ್ ಅನ್ನುತ್ತದೆ. ತಪ್ಪು ಮಾಡದ ಕಲಾವಿದೆ. ಆದರೆ ಅವರ ಕಥೆ ಇಟ್ಟುಕೊಂಡು ಒಂಟಿ ಸೆರೆಯನ್ನು ವಿರೋಧಿಸುವುದು ಸುಲಭದ ಕೆಲಸ. ಅಲ್ಲಿ ನಮಗೆ ಸಿಟ್ಟು ಬರುವುದು ತಪ್ಪು ವ್ಯಕ್ತಿಯನ್ನು ಹಿಡಿದರು ಎಂದೋ, ಹಿಡಿದ ಮೇಲೆ ಹಾಗೆ ಇಟ್ಟರು ಎಂದೋ ಬಿಡಿಸಿ ಹೇಳಲಾಗದು. ಉಮೇಶ್ ರೆಡ್ಡಿಯ ವಿಷಯದಲ್ಲಿ ಆ ಗೊಂದಲ ಇಲ್ಲ. ಸರಿಯಾದ ವ್ಯಕ್ತಿಯನ್ನೇ ಹಿಡಿದಿದ್ದಾರೆ. ಅವನ ಮೇಲೆ ನನಗೆ ಒಂದು ತೊಟ್ಟು ಪ್ರೀತಿ ಇಲ್ಲ. ಅವನು ಹೊರಗೆ ಬರಬಾರದು ಎಂದೇ ನನ್ನ ಆಸೆ. ಆದರೂ ಕೋರ್ಟ್ ಮಾಡಿದ್ದು ಸರಿ ಅನ್ನುತ್ತೇನೆ. ಸರ್ಕಾರಕ್ಕೆ ಅವನ ಸ್ವಾತಂತ್ರ್ಯ ಕಿತ್ತುಕೊಳ್ಳುವ ಅಧಿಕಾರ ಕೊಟ್ಟಿದ್ದೇವೆ. ಜೀವ ತೆಗೆಯುವುದನ್ನು ಕೂಡ ಕಾನೂನು ಒಪ್ಪಿದೆ, ಅದು ಬೇರೆ ಜಗಳ. ಬುದ್ಧಿಯನ್ನು ಕದಡುವ ಅಧಿಕಾರ ಯಾರೂ ಯಾವತ್ತೂ ಕೊಟ್ಟಿಲ್ಲ. ಕೊಟ್ಟರೂ, ಅದನ್ನು ಉಮೇಶ್ ರೆಡ್ಡಿಗೆ ಮಾತ್ರ ಬಳಸುತ್ತೇವೆ ಎಂದು ಬರೆದುಕೊಡುವ ಜೈಲು ಎಲ್ಲೂ ಇಲ್ಲ.

ತತ್ವ ಬಿಡಿ, ನಮ್ಮ ಸುರಕ್ಷತೆ ನೋಡಿ ಅನ್ನುವವರಿಗೆ ಕೊಲೊರಾಡೊದ ಕಥೆ ಹೇಳಬೇಕು. ಆ ರಾಜ್ಯದ ಜೈಲು ಇಲಾಖೆಯ ಮುಖ್ಯಸ್ಥರಾಗಿದ್ದವರು ಟಾಮ್ ಕ್ಲೆಮೆಂಟ್ಸ್. ಒಂಟಿ ಸೆಲ್ಲುಗಳನ್ನು ಕಡಿಮೆ ಮಾಡುತ್ತಿದ್ದರು. ವರ್ಷಗಟ್ಟಲೆ ಒಬ್ಬನೇ ಇದ್ದ ಕೈದಿಯನ್ನು ಶಿಕ್ಷೆ ಮುಗಿದ ದಿನ ನೇರವಾಗಿ ಬೀದಿಗೆ ಬಿಡುತ್ತೇವಲ್ಲ, ಇದು ಅಪಾಯ ಎಂಬುದು ಅವರ ದೊಡ್ಡ ಚಿಂತೆ. 2013ರ ಮಾರ್ಚ್‌ನಲ್ಲಿ ಒಂದು ಸಂಜೆ ಅವರ ಮನೆಯ ಬಾಗಿಲಿಗೆ ಯಾರೋ ಬಂದರು. ಬಾಗಿಲು ತೆರೆದ ಕ್ಲೆಮೆಂಟ್ಸ್ ಅವರನ್ನು ಗುಂಡಿಟ್ಟು ಕೊಂದರು. ಕೊಂದವನು ಅದೇ ವರ್ಷ ಜನವರಿಯಲ್ಲಿ ಜೈಲಿನಿಂದ ಹೊರಬಂದಿದ್ದ. ಒಳಗೆ ಬಹಳ ವರ್ಷ ಒಂಟಿ ಸೆಲ್ಲಿನಲ್ಲಿದ್ದ. ಅಲ್ಲಿಂದಲೇ ನೇರ ಬೀದಿಗೆ ಬಿಟ್ಟಿದ್ದರು.

ಇಂಥದ್ದು ನಮ್ಮಲ್ಲಿ ಆಗಿದ್ದರೆ ಟಿವಿ ಚರ್ಚೆ ಯಾವ ಕಡೆ ಹೋಗುತ್ತಿತ್ತು ಎಂದು ಊಹಿಸಬಹುದು. ಇನ್ನೂ ಬಿಗಿ ಮಾಡಿ, ಇನ್ನೂ ನಾಲ್ಕು ಬೀಗ ಹಾಕಿ. ಕ್ಲೆಮೆಂಟ್ಸ್ ಜಾಗಕ್ಕೆ ಬಂದ ರಿಕ್ ರೇಮಿಷ್ ಹಾಗೆ ಮಾಡಲಿಲ್ಲ. 2014ರ ಜನವರಿಯಲ್ಲಿ ತಾವೇ ಬೇಡಿ ಹಾಕಿಸಿಕೊಂಡು ತಮ್ಮದೇ ಇಲಾಖೆಯ ಒಂಟಿ ಸೆಲ್ಲಿನಲ್ಲಿ 20 ಗಂಟೆ ಕಳೆದರು. ದಿನ ಪೂರ್ತಿ ಕೂಡ ಅಲ್ಲ. ಸಾಕಾಗಿ ಹೋಯಿತು. ಒಂಟಿ ಸೆಲ್ಲಿಗೆ 15 ದಿನದ ಮಿತಿಯನ್ನು ಕೊಲೊರಾಡೊ 2017ರಲ್ಲಿ ತಂದಿತು. ಆ 15 ದಿನ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಿಂದ ಬಂದದ್ದು. ದಿನಕ್ಕೆ 22 ಗಂಟೆ ಅಥವಾ ಜಾಸ್ತಿ ಹೊತ್ತು ಮನುಷ್ಯರ ನಿಜವಾದ ಒಡನಾಟ ಇಲ್ಲದೆ ಇಟ್ಟರೆ ಅದು ಒಂಟಿ ಸೆರೆ. ಅದು 15 ದಿನ ದಾಟಿದರೆ ನಿಷಿದ್ಧ. ಊಟದ ತಟ್ಟೆ ತಳ್ಳುವ ಕೈಯನ್ನು ಒಡನಾಟ ಅನ್ನುವುದಿಲ್ಲ.

ಜೈಲಿನವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯ. ಪರಪ್ಪನ ಅಗ್ರಹಾರದಲ್ಲಿ ಒಂದು ಗ್ಯಾಂಗಿನ ರೌಡಿಯನ್ನು ಇನ್ನೊಂದು ಗ್ಯಾಂಗಿನವರ ಬ್ಯಾರಕ್‌ಗೆ ಹಾಕಿದರೆ ಬೆಳಗಾಗುವುದರೊಳಗೆ ಹೆಣ ಬೀಳಬಹುದು. ಮಕ್ಕಳ ಮೇಲೆ ಕೈ ಮಾಡಿ ಒಳಗೆ ಬಂದವನನ್ನು ಉಳಿದ ಕೈದಿಗಳೇ ಬಿಡುವುದಿಲ್ಲ. ಕೆಲವರು ತಾವಾಗಿಯೇ ಬೇರೆ ಸೆಲ್ ಕೇಳುತ್ತಾರೆ. ಮಗ್ಗುಲು ಬದಲಿಸಲು ಜಾಗ ಇಲ್ಲದ ಬ್ಯಾರಕ್‌ನಲ್ಲಿ ಮಲಗುವವನಿಗೆ ಒಂಟಿ ಕೋಣೆ ಎಂದರೆ ಸ್ವರ್ಗವೇ. ರಾತ್ರಿ ಬೇರೆ ಮಲಗಿಸುವುದಕ್ಕೆ ನನ್ನ ತಕರಾರಿಲ್ಲ. ಹಗಲಲ್ಲಿ ನಾಲ್ಕು ಜನ ಸುರಕ್ಷಿತರ ಜೊತೆ ಕೆಲಸ, ಊಟ, ವಾರಕ್ಕೊಂದು ಮುಲಾಖಾತ್, ಕೇಳುವ ವೈದ್ಯರು. ಇದಕ್ಕೆ ಸಿಬ್ಬಂದಿ ಬೇಕು, ದುಡ್ಡು ಬೇಕು. ಬೀಗ ಹಾಕುವುದು ಅಗ್ಗ, ಅದಕ್ಕೇ ಹಾಕುತ್ತಾರೆ.

2025ರ ನವೆಂಬರ್‌ನಲ್ಲಿ ಪರಪ್ಪನ ಅಗ್ರಹಾರದ ಒಳಗಿನ ವಿಡಿಯೊಗಳು ಹೊರಬಂದವು, ನೀವೂ ನೋಡಿರಬೇಕು. ಉಮೇಶ್ ರೆಡ್ಡಿಯ ಕೈಯಲ್ಲಿ ಮೊಬೈಲು. ಪಕ್ಕದಲ್ಲಿ ಟಿವಿ. ಊರಿಗೆ ಊರೇ ಉರಿಯಿತು, ನನಗೂ ಉರಿಯಿತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ "ಮತ್ತೆ ಕತ್ತಲೆ ಕೋಣೆಗೆ ಹಾಕಬೇಕು" ಎಂದು ಒಬ್ಬರು ಬರೆದರು. ಕೆಳಗೆ ಸಾಲು ಸಾಲು ಹೆಬ್ಬೆರಳು. ಅಧಿಕಾರಿಗಳ ಮೇಲೆ ಕ್ರಮ ಆಯಿತು, ತನಿಖೆ ಅಂದರು.

ಕೈದಿ ಅದೇ ಒಬ್ಬ. ಒಂದು ಕಾಲದಲ್ಲಿ ಮಾತಾಡಲು ಯಾರೂ ಇಲ್ಲ. ಇನ್ನೊಂದು ಕಾಲದಲ್ಲಿ ಬೇಕಾದವರಿಗೆ ಫೋನ್ ಮಾಡಬಹುದು. ಎರಡಕ್ಕೂ ಕೋರ್ಟಿನ ಆದೇಶ ಇರಲಿಲ್ಲ. ಎರಡೂ ಸಲ ಒಳಗಿನ ಯಾರೋ ತಮಗೆ ತೋಚಿದ್ದು ಮಾಡಿದರು, ಹೊರಗಿನ ಯಾರೂ ಎಣಿಸಿ ನೋಡಲಿಲ್ಲ. ಆ ಗುಂಪಿನಲ್ಲಿ ನಾನು ಇದನ್ನು ಬರೆದಾಗ ಒಬ್ಬರು "ನಿಮಗೆ ಅವನ ಮೇಲೆ ಯಾಕೆ ಇಷ್ಟು ಕಾಳಜಿ ಸಾರ್?" ಎಂದು ಕೇಳಿದರು. ಮೂರು ಜನ ನಕ್ಕರು. ಆಮೇಲೆ ನೀರಿನ ಟ್ಯಾಂಕರ್ ವಿಷಯ ಬಂತು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಒಂಟಿ ಸೆಲ್ಲಿನಲ್ಲಿ 24 ಗಂಟೆಗಿಂತ ಜಾಸ್ತಿ ಇರುವ ಕೈದಿಯನ್ನು ವೈದ್ಯರು ದಿನಕ್ಕೊಮ್ಮೆಯಾದರೂ ನೋಡಬೇಕು, ಅವನು ಯಾವ ಹೊತ್ತಿನಲ್ಲಾದರೂ ಅಧಿಕಾರಿಯನ್ನು ಕರೆಯಲು ಸೆಲ್ಲಿನಲ್ಲಿ ವ್ಯವಸ್ಥೆ ಇರಬೇಕು ಎಂದು ಅದೇ 1894ರ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. 30ನೇ ಸೆಕ್ಷನ್ ಬಾಯಿಪಾಠ ಇರುವವರಿಗೆ 29 ಕಾಣುವುದಿಲ್ಲ ಅನಿಸುತ್ತದೆ. ರಾಜ್ಯದ ಪ್ರತಿ ಜೈಲಿನಲ್ಲಿ ಇವತ್ತು ಎಷ್ಟು ಜನ ಒಬ್ಬೊಬ್ಬರೇ ಇದ್ದಾರೆ, ಎಷ್ಟು ದಿನದಿಂದ ಇದ್ದಾರೆ, ಯಾರು ಹೇಳಿ ಇಟ್ಟಿದ್ದಾರೆ, ದಿನಕ್ಕೆ ಎಷ್ಟು ಗಂಟೆ ಹೊರಗೆ ಬಿಡುತ್ತಾರೆ ಎಂಬುದನ್ನು ತಿಂಗಳಿಗೊಮ್ಮೆ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಲಿ. ಹೆಸರು ಬೇಡ, ಸಂಖ್ಯೆ ಸಾಕು. 14 ದಿನ ದಾಟಿದ ಪ್ರತಿಯೊಂದು ಪ್ರಕರಣವೂ ಜಿಲ್ಲಾ ನ್ಯಾಯಾಧೀಶರ ಮೇಜಿಗೆ ಹೋಗಲಿ. ಹಾಗೆಯೇ ಯಾರ ಸೆಲ್ಲಿನಲ್ಲಿ ಟಿವಿ ಇದೆ ಎಂಬುದನ್ನೂ ಬರೆಯಲಿ, ನನ್ನ ಅಭ್ಯಂತರ ಇಲ್ಲ.